ಬಿಟ್ಟ ಗಾಳಿ

ಮುಂಜಾನಿ ಇಪ್ಪತ್ತಾರು ಹಾಕು ಅಂದೆ.
ಗಬ್ಬೂರ ಬೈಪಾಸಿನ ಬುಡನಸಾಬ ನಕ್ಕ:
"ಸೈಕಲ್ಲಿಗೂ ಇದಕ್ಕಿಂತ ಜಾಸ್ತಿ ಹಾಕ್ತೀನ್ರಿ ಮೇಡಂ."
ಆದ್ರೂ ಅಂಗಡಿ ಮುಚ್ಚಿ, ಗೇಜು ಕಿಸೆದಾಗಿಟ್ಟು,
ತಾರಿಹಾಳದ ಖಾಲಿ ಯಾರ್ಡಿಗೆ ಬೆನ್ನು ಹತ್ತಿ ಬಂದ.

ಹನ್ನೆರಡರ ಬಿಸಲು. ಕಾಂಕ್ರೀಟು ಕಾದ ಹಂಚು.
ಐದನೇ ಸುತ್ತಿಗೆ ಗಾಡಿ ಮೂತಿ ಮಾತು ಕೇಳಲಿಲ್ಲ,
ಕೋನುಗಳ ಕಡೆ ಜಾರಿತು.
ನಾನೂ ಹಟಕ್ಕ ಬಿದ್ದು ಸ್ಟೇರಿಂಗು ಇನ್ನಷ್ಟು ಜಗ್ಗಿದೆ;
ಎಡಗಡೆ ಮುಂದಿನ ಟೈರಿನ ಭುಜ
ಕರೇ ರವಾ ಉದುರಿಸಿತು.

ಬುಡನಸಾಬ ಅಂಗೈ ಒತ್ತಿದ, ತಟ್ಟನೆ ಎತ್ತಿದ.
"ಅಂಚಿಗಿಂತ ನಡು ಸುಡಾಕತ್ತೈತಿ.
ನೋಡ್ರಿ, ಮೂವತ್ತೇಳು.
ಹೊಟ್ಟಿ ಉಬ್ಬಿಸ್ಕೊಂಡು ನಿಂತದ್ದು ನೆಲಾ ಹೆಂಗ ಹಿಡೀತೈತಿ?"
ಉಗುರಿನಿಂದ ವಾಲ್ವು ಒತ್ತಿದ. ಸುಸ್ಸ್.
ರಬ್ಬರು ವಾಸನಿಯ ಬಿಸಿ ನನ್ನ ಮಣಿಕಟ್ಟಿಗೆ ಬಡೀತು.
ಮೂವತ್ತೆರಡು.
"ಈಗ ಹೋಗ್ರಿ. ಜಗ್ಗಬ್ಯಾಡ್ರಿ, ಕೇಳ್ರಿ."

ಕೇಳಿದೆ. ಕಿರ್ರನ್ನೋದು ಗುಂಯ್‌ಗೆ ತಗ್ಗಿತು.
ಒಂದೂವರೆ ಸೆಕೆಂಡು ಉಳೀತು. ಬಹುಮಾನ ಇನ್ಯಾರಿಗೋ.

ಸಂಜಿಗೆ ಟೈರು ಆರಿದವು, ಗೇಜಿನ್ಯಾಗ ಇಪ್ಪತ್ತೆರಡು.
ಧಾರವಾಡದ ತನಕ ಹಿಂಗ ಹೋಗಬಾರ್ದು ಅಂತ
ಅಂಗಡಿ ಬಾಗಲಾ ತಗದು ಹೊಳ್ಳಿ ತುಂಬಿದ.
ರೊಕ್ಕ ಚಾಚಿದೆ. ಮುಟ್ಟಲಿಲ್ಲ.
"ಮಧ್ಯಾಹ್ನ ಚೆಲ್ಲಿದ್ದು ನಿಮ್ಮದ ಗಾಳಿ ಅಲ್ಲೇನ್ರಿ?"