ಅಂಟು ಹಾಳೆ

ಉಪ್ಪಳದ ರೈಲ್ವೆ ಗೇಟಿನ ಹತ್ತಿರ ಮಹಡಿಯ ಬಾಡಿಗೆ ಕೋಣೆ.
ಮೂರನೆಯ ಮೆಟ್ಟಿಲಲ್ಲಿ ಕೂತರೆ ಎರಡು ಗೆರೆ,
ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಮೂರು.
ಫೋನಿನ ಪಟ್ಟಿಯಲ್ಲಿ ಎಲ್ಲ ಹೆಸರಿಗೂ ಪುಟ್ಟ ಬೀಗ,
ಒಂದಕ್ಕೆ ಮಾತ್ರ ಇಲ್ಲ:
ದೈನಾಬಿ ಹೋಮ್.

ಏಳು ತಿಂಗಳು.
ಮಕ್ಕಳ ಹಾಜರಿ ತುಂಬಿಸಿದ್ದು,
ಮಧ್ಯಾಹ್ನದೂಟದ ಅಕ್ಕಿಯ ಲೆಕ್ಕ ಕಳಿಸಿದ್ದು,
ನಿದ್ದೆ ಬಾರದ ರಾತ್ರಿ ಯಾರ್ಯಾರದೋ ಅಡುಗೆ ನೋಡಿದ್ದು
ಎಲ್ಲ ಆ ಹೆಸರಿನ ಮೇಲೆಯೇ.

ಕೇಳಬಹುದಿತ್ತು. ಒಂದು ಗೋಡೆ, ಒಂದು ನುಗ್ಗೆಮರ, ಅಷ್ಟೇ ದೂರ.
ಕೇಳದಿರಲು ನನ್ನಲ್ಲಿ ವಾದಗಳಿದ್ದವು, ಒಳ್ಳೊಳ್ಳೆಯವು.
ಅವರು ಮೀನು ಹುರಿಯುವ ಘಮ ನನ್ನ ಕಿಟಕಿಗೆ ಬರುತ್ತದೆ,
ಅದಕ್ಕೇನು ಹಣ ಕೊಡುತ್ತೇನೆಯೇ?
ಅವರ ದೀಪದ ಬೆಳಕು ನನ್ನ ಮೆಟ್ಟಿಲಿಗೆ ಬೀಳುತ್ತದೆ...
ಹೇಳಿಕೊಳ್ಳುವಾಗಲೇ ಗೊತ್ತಿತ್ತು:
ಬೆಳಕು ತಾನಾಗಿ ಬೀಳುತ್ತದೆ.
ಇಲ್ಲಿ ನಾನು ಬೆರಳಿಂದ ಒತ್ತಿದ್ದೆ. ಒತ್ತುವ ಮೊದಲು
ಅವರ ಕಿಟಕಿ ಮುಚ್ಚಿದೆಯೇ ಎಂದು ನೋಡಿದ್ದೆ.

ಬಾವಿಯ ಮಾತೂ ಬಂತು.
ಹಗ್ಗ, ಕೊಡಪಾನ ಅಂಗಳದಲ್ಲೇ ಇದ್ದರೆ
ಬಾಯಾರಿದವರು ಸೇದಿ ಕುಡಿಯಬಹುದು.
ಸರಿ. ಆದರೆ ಬಾಯಾರಿದವಳು
ಏಳು ತಿಂಗಳು ಕತ್ತಲಲ್ಲೇ ಯಾಕೆ ಸೇದುತ್ತಾಳೆ?

ಒಂದು ಸಂಜೆ ಅವರ ಹುಡುಗ ಕೂಗಿದ,
"ಉಮ್ಮಾ, ನೆಟ್ ಹೋಗ್ತಾನೇ ಇಲ್ಲ!"
ಕುಕ್ಕರಿನ ಸೀಟಿ ಕೇಳಿಸಿದವಳ ಹಾಗೆ ಒಳಗೆ ನಡೆದೆ.
ಆಗ ಇಡೀ ಸಿನಿಮಾ ಇಳಿಯುತ್ತಿತ್ತು. ನಿಲ್ಲಿಸಲಿಲ್ಲ.
ನೂರಕ್ಕೆ ತೊಂಬತ್ತೆರಡು ಆಗಿತ್ತಲ್ಲ.

ವಕೀಲರ ಗುಮಾಸ್ತ ಅರ್ಜಿಯ ಕರಡು ಕಳಿಸಿದ ದಿನ
ಬೆರಳು ಎಲ್ಲಿಗೋ ತಾಗಿತು.
'ಮುದ್ರಿಸಲಾಗುತ್ತಿದೆ' ಎಂದಿತು ಫೋನು.
ಎಲ್ಲಿ? ನನ್ನಲ್ಲಿ ಯಂತ್ರವೇ ಇಲ್ಲ.
ನುಗ್ಗೆಮರದ ಆಚೆ ಏನೋ ಕರಕರ ಎಂದಿತು.

ಹತ್ತು ನಿಮಿಷಕ್ಕೆ ದೈನಾಬಿ ಮೆಟ್ಟಿಲ ಬುಡದಲ್ಲಿ.
ಕೈಯಲ್ಲಿ ನಾಲ್ಕು ಹಾಳೆ,
ಅವರು ಮಾರುವ ಹಲ್ವದ ಡಬ್ಬಕ್ಕೆ ಹಚ್ಚುವ ಅಂಟು ಹಾಳೆ,
ಹಿಂದಿನ ಸಿಪ್ಪೆ ಸುಲಿದರೆ ಎಲ್ಲಿಗಾದರೂ ಕಚ್ಚಿಕೊಳ್ಳುವಂಥದ್ದು.
ಅದರ ಮೇಲೆ, ನಾನು ತಡವರಿಸಿ ಓದುವ ಮಲೆಯಾಳದಲ್ಲಿ,
ಅರ್ಜಿದಾರೆ ವಾರಿಜಾಕ್ಷಿ, ಎದುರುದಾರನ ಹೆಸರು,
ಓಣಿಯಲ್ಲಿ ಯಾರಿಗೂ ಹೇಳದ ಮೂರು ವರ್ಷ.
ಅವರಿಗೆ ತಡವರಿಸಬೇಕಾಗಿಲ್ಲ.

"ಇದು ನಿಮ್ಮದಾ ಟೀಚರೇ? ನಮ್ಮ ಮಿಷಿನಿನಲ್ಲಿ ಬಂತು."
"ಹೌದು."
"ಯಾರದ್ದು ಅಂತ ಹೆಸರು ನೋಡಲಿಕ್ಕೆ ಹೋದದ್ದು.
ಎರಡನೇ ಪುಟವೂ ಮುಗಿದೇಹೋಯಿತು. ಓದಬಾರದಿತ್ತು."

ಏಳು ತಿಂಗಳೆಂದು ಹೇಳಿದೆ. ಸಿನಿಮಾದ್ದು ಹೇಳಲಿಲ್ಲ.
ಬೈದಿದ್ದರೆ ಹಗುರಾಗುತ್ತಿತ್ತು.
ಅವರು ಹಾಳೆಗಳ ಅಂಚು ಸರಿಮಾಡಿ ಕೊಟ್ಟರು.
"ಬೀಗ ಹಾಕಲಿಕ್ಕೆ ನನಗೆ ಗೊತ್ತಿಲ್ಲ.
ಕನೆಕ್ಷನ್ ಕೊಟ್ಟವ ಫೋನೇ ತೆಗೆಯುವುದಿಲ್ಲ.
ನೀವೇ ಹಾಕಿಕೊಡಿ."

ಅವರ ಜಗಲಿಯಲ್ಲಿ ಕೂತು ಹಾಕಿದೆ,
ಬೆಲ್ಲ ಕಾಯುವ ವಾಸನೆಯ ನಡುವೆ.
ಯಾವ ಮಾತು ಇಡಲಿ ಎಂದು ಕೇಳಿದೆ.
ಬರೆದುಕೊಡುತ್ತಾರೆ, ನಾನು ಮುಖ ತಿರುಗಿಸಬಹುದು ಎಂದುಕೊಂಡೆ.
ಬಾಯಿಬಿಟ್ಟೇ ಹೇಳಿದರು, ನನ್ನ ಮುಖ ನೋಡುತ್ತ,
ನಿಧಾನವಾಗಿ, ಒಂದೊಂದೇ ಅಕ್ಷರ.

ಕೋಣೆಗೆ ಬಂದೆ. ಪಟ್ಟಿಯಲ್ಲಿ ಅದೇ ಹೆಸರು, ಈಗ ಬೀಗ.
ಕೆಳಗೊಂದು ಸಾಲು: 'ಈ ಜಾಲವನ್ನು ಮರೆತುಬಿಡು.'
ಒತ್ತಿದೆ. ಫೋನು ಮರೆತೇಬಿಟ್ಟಿತು.
ನನಗೆ ಎಂಟೂ ಅಕ್ಷರ ನೆನಪಿವೆ.

ಕೊಟ್ಟದ್ದೋ, ನೋಡೋಣ ಎಂದು ಬಿಟ್ಟದ್ದೋ,
ಅಥವಾ ಅವರಿಗೆ ಅಷ್ಟು ಯೋಚನೆಯೇ ಇರಲಿಲ್ಲವೋ.
ನಾಳೆ ಹಾಜರಿ ತುಂಬಿಸಬೇಕು.
ಮೆಟ್ಟಿಲಿಳಿದು, ನುಗ್ಗೆಮರ ಸುತ್ತಿ ಹೋಗಿ,
ಹಗಲಲ್ಲಿ ಕೇಳಬೇಕು.

ಹಾಳೆಯೊಂದಕ್ಕೆ ಹದಿನಾಲ್ಕು ರೂಪಾಯಿ ಎಂದಿದ್ದ ಹುಡುಗ.
ನಾಲ್ಕಕ್ಕೆ ಐವತ್ತಾರು.
ಅಷ್ಟನ್ನಾದರೂ ಲೆಕ್ಕ ಮಾಡಲು ಬರುತ್ತದೆ.