ನಾಲ್ಕನೇ ಪ್ರತಿ

ಮೇಲಿನಿಂದ ಸುತ್ತೋಲೆ ಬಂತು, ಆರು ಹಾಳೆ:
ಕಾಗದ ಎಷ್ಟು ಬಳಸುತ್ತೀರಿ, ಅಳೆದು ತಿಳಿಸಿ.
ಐದನೆಯದರಲ್ಲಿ ಸಹಿ ಮಾತ್ರ. ಆರನೆಯದು ಪೂರ್ತಿ ಬಿಳಿ.
ಅದನ್ನೂ ಎಣಿಸಿಕೊಂಡೆ. ಅಳತೆ ಅಲ್ಲಿಂದಲೇ ಶುರುವಾಗಲಿ.

ರಾಯಚೂರು ಗಂಜಿನ ಆಫೀಸು ನಮ್ಮದು.
ಹತ್ತಿಯ ಎಳೆ ಫೈಲಿನೊಳಗೂ ಹೊಕ್ಕು ಕೂತಿರುತ್ತದೆ,
ಫ್ಯಾನು ಹಾಕಿದರೆ ರೂಮೆಲ್ಲ ಸೀನು.
ಒಂದೊಂದು ತೂಕಕ್ಕೂ ನಾಲ್ಕು ಚೀಟಿ:
ಬಿಳಿಯದು ಮಾಲು ತಂದವರಿಗೆ, ಗುಲಾಬಿ ಅಡತಿಗೆ,
ಹಳದಿ ನಮಗೆ. ನೀಲಿ?
ಹತ್ತೊಂಬತ್ತು ವರ್ಷ ಹರಿದು ಹರಿದು ಕೊಟ್ಟಿದ್ದೇನೆ,
ಒಮ್ಮೆಯೂ ಕೇಳಿರಲಿಲ್ಲ.

ತಿಂಗಳು ಪೂರ್ತಿ ಕಸದ ಬುಟ್ಟಿ ಚೆಲ್ಲಗೊಡಲಿಲ್ಲ.
ಮಾರ್ಚ್ ಮುಗಿದ ಸಂಜೆ ಗೋಣಿಗೆ ತುಂಬಿ
ತೂಕದ ಹುಸೇನಪ್ಪನ ಮುಂದೆ ಇಳಿಸಿದೆವು.
ಪಟಕ ಬಿಗಿದ, ಕಾಂಟಾ ಒರೆಸಿದ,
ಹತ್ತಿಗೆ ಕೂಗುವ ಅದೇ ದನಿಯಲ್ಲಿ ಕೂಗಿದ:
‘ಲಾಭಾ... ಲಾಭ!’

ಮೊದಲ ತೂಕಕ್ಕೆ ಒಂದು ಅನ್ನಬಾರದು.
‘ಇದು ಲಾಭ ಅಲ್ಲೋ ಹುಸೇನಪ್ಪ, ಕಸ.’
‘ಅದು ನಿಮ್ಮ ಲೆಕ್ಕರಿ ಅಕ್ಕಾರ. ನನ್ನ ಬಾಯಿಗೆ ರೂಢಿ ಆಗೇದ.
ಎರಡಾ... ಎರಡು!’

ಚೀಲದ ತೂಕ ಕಳೆದು ನಲವತ್ತೊಂದು ಕೆಜಿ.
ರಾತ್ರಿ ಎಂಟರವರೆಗೆ ಹರವಿಕೊಂಡು ಕೂತೆ.
‘ತಮ್ಮ ವಿಶ್ವಾಸಿ’ ಎಂದಷ್ಟೇ ಹೊತ್ತ ಎರಡನೇ ಪುಟ, ಇನ್ನೂರ ಹನ್ನೆರಡು.
ಯಾರೂ ತೆಗೆದಿಲ್ಲವೆಂದ ಲಗ್ನಪತ್ರಿಕೆಯ ಕರಡು, ನಲವತ್ತು.
‘ರಾಯಚುರು’ ಎಂದು ಬಿದ್ದು ಮತ್ತೆ ತೆಗೆದದ್ದು, ಮೂವತ್ತಾರು,
ಅದರಲ್ಲಿ ಅರ್ಧ ನನ್ನದೇ ಬೆರಳು.
ನೀಲಿ ಒಂಬತ್ತು ಸಾವಿರದ ಚಿಲ್ಲರೆ,
ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಮಾರ್ಜಿನ್ನು ಒತ್ತಿದೆ. ಹಠದ ಕೂಸನ್ನು ಜಳಕಕ್ಕೆ ಎಳೆವಂತೆ
ಸಹಿಯನ್ನು ಮೊದಲ ಪುಟಕ್ಕೆ ಎಳೆದು ತಂದೆ.
ಏಪ್ರಿಲ್‌ನಿಂದ ನೀಲಿ ಬಂದ್.

ಮೇ ತಿಂಗಳಲ್ಲಿ ಗೇಟಿನ ಮಿರ್ಚಿ ಬಂಡಿಯ ಖಾಸೀಂಬಿ ಬಂದಳು,
ಕೈಯಲ್ಲಿ ಹಿಟ್ಟು ಹಾಗೇ ಇತ್ತು.
‘ನೀಲಿ ಚೀಟಿ ಯಾಕ ನಿಲ್ಸಿದ್ರಿ?
ನಿಮ್ಮ ಪ್ಯೂನ್ ವಾರಕ್ಕೊಮ್ಮೆ ತಂದು ಕೊಡ್ತಿದ್ದ.
ಎಣ್ಣಿ ಛಲೋ ಕುಡೀತಿತ್ತು. ಕೂಡಿಟ್ಟದ್ದೂ ಮುಗೀತು.’
ಹೊರಟವಳು ಬಾಗಿಲಲ್ಲಿ ನಿಂತಳು.
‘ಹಮಾಲರು ತಿಂದ್ಕೋತ ಓದ್ತಿದ್ರು, ಯಾರ ಮಾಲು ಎಷ್ಟಾತು ಅಂತ.
ಹೋದ ವರ್ಷ ಹುಲಿಗೆಮ್ಮ ಅನ್ನಾಕಿ ಚೀಟಿ ಹಿಂಗ ಸಿಕ್ತು.
ಬಿಳೀದರಾಗ ತಿದ್ದಿದ್ರು. ನೀಲೀದರಾಗ ಎಂಟು ಕೆಜಿ ಜಾಸ್ತಿ ಇತ್ತು.
ರೊಕ್ಕ ವಾಪಸ್ ಬಂತು.’

ಆ ರಾತ್ರಿ ಒಂಬತ್ತು ಸಾವಿರ ನಿದ್ದೆಗೆ ಅಡ್ಡ ಬಂದವು.

ಈಗ ಕಾಂಟಾದ ಪಕ್ಕ ಕರಿ ಹಲಗೆ ನಿಲ್ಲಿಸಿದ್ದೇವೆ.
ಹೆಸರು, ತೂಕ, ಎಲ್ಲರ ಕಣ್ಣೆದುರು ಸುಣ್ಣದ ಅಕ್ಷರ.
ಹುಸೇನಪ್ಪ ಕೂಗುತ್ತಾನೆ, ಮೊದಲಿಗಿಂತ ಜೋರಾಗಿ,
ಗೇಟಿನಾಚೆಗೂ ಕೇಳಲಿ ಎಂದು.

ವರದಿ ಕಳಿಸಿದೆ. ಒಂದೇ ಹಾಳೆ, ಎರಡೂ ಮಗ್ಗುಲು.
ಉಳಿದದ್ದು: ತಿಂಗಳಿಗೆ ಹದಿನಾಲ್ಕು ಕೆಜಿ.
ಹೆಚ್ಚಿದ್ದು: ಸೀಮೆಸುಣ್ಣ, ಒಂದು ಡಬ್ಬಿ.
ಮೂರು ಪ್ರತಿ ಕಳಿಸಿ ಎಂದು ಉತ್ತರ ಬಂತು.

ಖಾಸೀಂಬಿ ಸ್ಟೀಲ್ ತಟ್ಟೆ ಕೊಂಡಿದ್ದಾಳೆ.
ತೊಳೆಯಲು ದಿನಕ್ಕೆ ನಾಲ್ಕು ಕೊಡ ನೀರು,
ಬೋರಿಂಗಿನಿಂದ ಮೊಮ್ಮಗಳು ಹೊರುತ್ತಾಳೆ.
ಅದರ ಸುತ್ತೋಲೆ ಇನ್ನೂ ಬಂದಿಲ್ಲ.