ಹತ್ತರಿಂದ ಇಪ್ಪತ್ತೇಳು

ತಂತಿ ಕಳಿಸುತ್ತೇನೆ, ಅಳತೆ ಹೇಳು ಅಂದ
ಹೈದರಾಬಾದಿನ ಅಂಗಡಿಯವ.
ಮೂವತ್ತೋ, ಮೂವತ್ತನಾಲ್ಕೋ?

ಬೇಸ್ ಗಿಟಾರಿಗೂ ಅಳತೆ ಇರುತ್ತದೆಂದು
ನನಗೆ ಗೊತ್ತಾದದ್ದೇ ಆಗ.
ಸುವಾರ್ತಪ್ಪ ಕಾಕಾ ಬಿಟ್ಟುಹೋದದ್ದು ಇದೊಂದು,
ಇದರ ಮೇಲೆ ಉಳಿದದ್ದು ಒಂದೇ ತಂತಿ,
ಎಲ್ಲಕ್ಕಿಂತ ದಪ್ಪನೆಯದು.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ, ಆ ಉರಿ ಮಧ್ಯಾಹ್ನ,
ಟೇಪು ಇದ್ದದ್ದು ಲಾಡ್ಲೇಸಾಬ್ ಮಾಸ್ತರರ ಕೊರಳಲ್ಲಿ ಮಾತ್ರ.
ಇಸ್ತ್ರಿ ಪೆಟ್ಟಿಗೆ ಸರಿಸಿ ಜಾಗ ಮಾಡಿದರು.
ಯಾರದೋ ನಿಕಾಹಿನ ಶೇರ್ವಾನಿಯ ಪಕ್ಕ
ಗಿಟಾರು ಅಂಗಾತ ಮಲಗಿತು.

ಟೇಪಿನ ಮೊದಲ ಮೂರಿಂಚು ಸವೆದು ಬೋಳು.
"ಇರ್ಲಿ, ಹತ್ತರಿಂದ ಹಿಡೀತೀನಿ."
ಕುತ್ತಿಗೆಯ ತುದಿಯ ಬಿಳೀ ಪಟ್ಟಿಯ ಮೇಲೆ
ಹತ್ತನ್ನು ಹೆಬ್ಬೆರಳಲ್ಲಿ ಒತ್ತಿದರು.
ಕೆಳಗಿನ ಕುದುರೆಗಳ ತನಕ ಎಳೆಯಹೋದಾಗ ತಡೆದೆ.
ನಾಲ್ಕು ಕುದುರೆ, ನಾಲ್ಕೂ ಒಂದೊಂದು ಕಡೆ ನಿಂತಿವೆ,
ಯಾವುದನ್ನು ನಂಬೋದು?
ಹನ್ನೆರಡನೇ ಮೆಟ್ಟಿನ ತನಕ ಸಾಕಂತ್ರಿ, ಅದೇ ನಟ್ಟನಡು,
ಬಂದದ್ದನ್ನ ಎರಡು ಪಟ್ಟು ಮಾಡಬೇಕಂತ.

ಮಾಸ್ತರರು ನಕ್ಕರು.
"ನಮ್ದೂ ಅದೇ ಲೆಕ್ಕ, ಬೇಟಿ. ಬಟ್ಟಿ ಮಡಚಿ
ಅರ್ಧಾನೇ ಕತ್ತರಸ್ತೀವಿ.
ಬಿಚ್ಚಿದ್ರ ಪೂರಾ ಮನಷಾ."

ಇಪ್ಪತ್ತೇಳು.
ಹತ್ತು ಕಳೆದರೆ ಹದಿನೇಳು.
ಮಡಿಕೆ ಬಿಚ್ಚಿದೆ: ಮೂವತ್ತನಾಲ್ಕು.
"ಹದಿನಾರರ ಹುಡುಗನ ಎದಿ ಅಳತಿ" ಅಂದರು.

ಕೆಲಸ ಮುಗಿದಿತ್ತು. ಅವರು ಬಿಡಲಿಲ್ಲ.
ಕನ್ನಡಕ ಏರಿಸಿ ಆ ಕುದುರೆಗಳ ಹತ್ತಿರ ಬಗ್ಗಿದರು.
ದಪ್ಪ ತಂತಿಯದು ಉಳಿದವಕ್ಕಿಂತ
ಜೋಳದ ಕಾಳಿನಷ್ಟು ಹಿಂದೆ.
"ಇದು ಕೆಟ್ಟದ್ದಲ್ಲವಾ, ಬಿಟ್ಟದ್ದು.
ದಪ್ಪಿದ್ದವರಿಗಿ ಹೊಲಿಗಿ ಒಳಗ ನಾವೂ ಅರ್ಧ ಇಂಚು ಬಿಡ್ತೀವಲಾ.
ಕಸಬು ಗೊತ್ತಿತ್ತು ಅಂವಗ."

ನಮ್ಮ ಮನೆಯಲ್ಲಿ ಕಾಕಾನ ಹೆಸರಿನ ಬೆನ್ನಿಗೆ ಬರುತ್ತಿದ್ದದ್ದು
ಸಾಲ, ಸೆರೆ, ರಾತ್ರಿ ಎರಡರ ಗಾಡಿ.
ಕಸಬು ಅನ್ನುವ ಮಾತು
ಇವತ್ತು ಮೊದಲ ಸಲ ಬಂತು,
ಅದೂ ಒಬ್ಬ ದರ್ಜಿಯ ಬಾಯಲ್ಲಿ.

ಹನ್ನೆರಡರ ಮೇಲೆ ಬೆರಳು ಸುಮ್ಮನೆ ತಾಗಿಸಿ,
ಒತ್ತದೆ, ಮೀಟಿದೆ.
ಟೇಬಲ್ಲಿನ ಮೇಲೆ ಕತ್ತರಿ ಸಣ್ಣಗೆ ನಡುಗಿತು.
ಮಾಸ್ತರರು ಅದರ ಮೇಲೆ ಅಂಗೈ ಇಟ್ಟರು,
ನಿಲ್ಲಿಸಲಿಕ್ಕಲ್ಲ.

ಆಮೇಲೆ ರೂಢಿಯಂತೆ ಅಳತೆ ಪುಸ್ತಕ ತೆಗೆದರು.
ಉದ್ದ, ಮೂವತ್ತನಾಲ್ಕು.
ಸೊಂಟ, ತೋಳು, ಕಾಲರು ಖಾಲಿ.
ಹೆಸರಿನ ಮನೆಗೆ ಬಂದು ಪೆನ್ನು ನಿಂತಿತು.
ನಂದೇ ಬರೀರಿ, ಅಂದೆ.

ಬರೆದು, ತಲೆ ಎತ್ತದೆ, ಅದೂ ರೂಢಿಯಂತೆಯೇ, ಕೇಳಿದರು:
"ಯಾವಾಗ ಬೇಕು?"